ಕೊಡಗಿನ 5,54,519: ಒಂದು ದೊಡ್ಡ ಸಂಖ್ಯೆಯನ್ನು ಪೆನ್ನು ಕಾಗದದಲ್ಲೇ ಬಿಡಿಸುವ ಸಮಗ್ರ ಮಾರ್ಗದರ್ಶಿ

ಮಡಿಕೇರಿಯ ಮಳೆಗಾಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಜೋರಾದರೆ ಮರ ಬೀಳುತ್ತದೆ. ಮರ ಬಿದ್ದರೆ ಕರೆಂಟ್ ಹೋಗುತ್ತದೆ. ಹೋದ ಕರೆಂಟ್ ಎರಡು ಮೂರು ದಿನ ಬರದೇ ಇರುವುದೂ ಉಂಟು. ಶಾಲೆಗೆ ರಜೆ, ಮೊಬೈಲ್‌ನಲ್ಲಿ ಚಾರ್ಜ್ ಇಲ್ಲ. ಅಂಥ ಒಂದು ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಯ ತಿಂಗಳು) ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಯಾವ ಸಣ್ಣ ಸಂಖ್ಯೆಗಳನ್ನು ಗುಣಿಸಿದರೆ ಇದು ಬರುತ್ತದೆ ಅಂತ ನಾನು ಬಿಡಿಸಿದ ಸಂಖ್ಯೆ ಇದು: 5,54,519. 2011ರ ಜನಗಣತಿಯ ಪ್ರಕಾರ ಕೊಡಗು ಜಿಲ್ಲೆಯ ಜನಸಂಖ್ಯೆ.

ಐದೂವರೆ ಲಕ್ಷದ ಸಂಖ್ಯೆ ಅಂದ ಕೂಡಲೇ ಕ್ಯಾಲ್ಕುಲೇಟರ್ ಬೇಕು ಅನ್ನಿಸುತ್ತದೆ, ಅಲ್ವಾ? ಬೇಕಾಗಿಲ್ಲ. ಹತ್ತರವರೆಗಿನ ಮಗ್ಗಿ ಬಂದರೆ ಸಾಕು. ಜೊತೆಗೆ ಒಂದು ಅಭ್ಯಾಸ ಬೇಕು: ಭಾಗಿಸುವ ಮುಂಚೆ ಶೇಷ ನೋಡುವುದು. ಈ ಬರಹ ಪೂರ್ತಿ ಆ ಅಭ್ಯಾಸದ ಬಗ್ಗೆಯೇ.

ಮೊದಲ ಕೆಲಸ: ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳಿ

ಇದನ್ನು ಮೊದಲು ಹೇಳುವುದಕ್ಕೆ ಕಾರಣ ಇದೆ. ಆ ದಿನ ನಾನು ಬುಡ್ಡಿದೀಪದ ಬೆಳಕಿನಲ್ಲಿ 5,54,591 ಅಂತ ಬರೆದುಕೊಂಡಿದ್ದೆ. ಕೊನೆಯ ಎರಡು ಅಂಕೆ ಅದಲು ಬದಲು. 7ರಿಂದ ಹೋಗಲಿಲ್ಲ, 37ರಿಂದ ಹೋಗಲಿಲ್ಲ. ಮಧ್ಯಾಹ್ನ ಪೂರ್ತಿ ಹಾಗೇ ಕಳೆಯಿತು. ಸಂಜೆ ಮಗಳು ಪುಸ್ತಕ ತೆಗೆದು ತೋರಿಸಿದಾಗಲೇ ತಪ್ಪು ಗೊತ್ತಾಗಿದ್ದು. ಆದ್ದರಿಂದ ಬರೆದ ಮೇಲೆ ಒಂದು ಸಲ ಬಲದಿಂದ ಎಡಕ್ಕೆ ಗಟ್ಟಿಯಾಗಿ ಓದಿ: ಒಂಬತ್ತು, ಒಂದು, ಐದು, ನಾಲ್ಕು, ಐದು, ಐದು.

ಅಲ್ಪವಿರಾಮದ ವಿಷಯ ಇನ್ನೊಂದು. ನಾವು ಲಕ್ಷದ ಲೆಕ್ಕದಲ್ಲಿ 5,54,519 ಅಂತ ಬರೆಯುತ್ತೇವೆ. ಮುಂದೆ ಬರುವ ಎರಡು ಉಪಾಯಗಳಿಗೆ ಮಾತ್ರ ಬಲದಿಂದ ಮೂರು ಮೂರು ಅಂಕೆ ಒಡೆದು 554 | 519 ಅಂತ ಬರೆದುಕೊಳ್ಳಬೇಕು. ಹಾಳೆಯಲ್ಲಿ ಎರಡೂ ರೀತಿ ಬರೆದಿಡಿ.

ಶೇಷ ಅಂದರೆ ಕಣದಲ್ಲಿ ಉಳಿದ ಕಾಫಿ

ಕಾಫಿ ಕುಯ್ಲಿನ ಸಮಯದಲ್ಲಿ ಕಣದಲ್ಲಿ ಒಣಗಿದ ಚೆರ್ರಿಯನ್ನು 50 ಕಿಲೋ ಚೀಲಕ್ಕೆ ತುಂಬುತ್ತಾರೆ. 1,230 ಕಿಲೋ ಇದ್ದರೆ 24 ಚೀಲ ತುಂಬಿ 30 ಕಿಲೋ ಉಳಿಯುತ್ತದೆ. ಆ 30 ಶೇಷ. ಈಗ ಪಕ್ಕದ ಕಣದಿಂದ 500 ಕಿಲೋ ತಂದು ಸೇರಿಸಿ. ಇನ್ನೂ ಹತ್ತು ಚೀಲ ತುಂಬುತ್ತದೆ, ಕಣದಲ್ಲಿ ಉಳಿಯುವುದು ಅದೇ 30. ತುಂಬಿದ ಚೀಲ ಎಷ್ಟೇ ಬರಲಿ, ಎಷ್ಟೇ ಹೋಗಲಿ, ಉಳಿಕೆ ಬದಲಾಗುವುದಿಲ್ಲ.

ಇದೊಂದು ಮಾತು ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸಲೀಸು. ದೊಡ್ಡ ಸಂಖ್ಯೆಯಿಂದ ತುಂಬಿದ ಚೀಲಗಳನ್ನು ಪಕ್ಕಕ್ಕೆ ಎಸೆಯುತ್ತಾ ಹೋಗಬಹುದು. ಕೈಯಲ್ಲಿ ಉಳಿಯುವುದು ಸಣ್ಣ ಸಂಖ್ಯೆ. ಅದು ಶೂನ್ಯವೋ ಅಲ್ಲವೋ ನೋಡಿದರೆ ಉತ್ತರ ಸಿಗುತ್ತದೆ.

ಎಲ್ಲಿಯವರೆಗೆ ಹುಡುಕಬೇಕು?

ನಮ್ಮ ಗುರಿ ಈ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬರೆಯುವುದು. ಅವಿಭಾಜ್ಯ ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ್ದು: 2, 3, 5, 7, 11, 13, ಹೀಗೆ.

ಒಂದು ಸಂಖ್ಯೆ ಎರಡು ಭಾಗವಾಗಿ ಒಡೆದರೆ ಅದರಲ್ಲಿ ಚಿಕ್ಕದು ವರ್ಗಮೂಲವನ್ನು ದಾಟುವುದಿಲ್ಲ. ಎರಡೂ ದಾಟಿದರೆ ಗುಣಲಬ್ಧವೇ ದೊಡ್ಡದಾಗಿಬಿಡುತ್ತದಲ್ಲ. ಹಾಗಾಗಿ ವರ್ಗಮೂಲದವರೆಗೆ ಹುಡುಕಿದರೆ ಸಾಕು. ವರ್ಗಮೂಲವನ್ನು ಅಂದಾಜಿನಲ್ಲೇ ಹಿಡಿಯಿರಿ. 700ರ ವರ್ಗ 4,90,000, ಕಡಿಮೆ ಆಯಿತು. 750ರ ವರ್ಗ 5,62,500, ಜಾಸ್ತಿ ಆಯಿತು. 744ರ ವರ್ಗ 5,53,536. 745ರ ವರ್ಗ 5,55,025. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ.

744ರವರೆಗೆ 132 ಅವಿಭಾಜ್ಯ ಸಂಖ್ಯೆಗಳಿವೆ. 132 ಸಲ ಭಾಗಾಕಾರವೇ ಅಂತ ಎದೆಗುಂದಬೇಡಿ. ಒಂದೊಂದು ಅಪವರ್ತನ (ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ) ಸಿಕ್ಕಿದಾಗಲೂ ಈ ಪಟ್ಟಿ ಹೇಗೆ ಕುಗ್ಗುತ್ತದೆ ನೋಡುತ್ತಾ ಹೋಗಿ.

2, 3, 5

ಇವು ಬೇಗ ಮುಗಿಯುತ್ತವೆ. ಕೊನೆಯ ಅಂಕೆ 9. ಆದ್ದರಿಂದ 2 ಇಲ್ಲ, 5 ಇಲ್ಲ. ಅಂಕೆಗಳ ಮೊತ್ತ 5+5+4+5+1+9 = 29. ಅದು 3ರಿಂದ ಹೋಗುವುದಿಲ್ಲ, ಹಾಗಾಗಿ 3 ಕೂಡ ಇಲ್ಲ. ಈ 29 ಅನ್ನು ಇನ್ನೊಮ್ಮೆ ಕೂಡಿದರೆ 11, ಮತ್ತೊಮ್ಮೆ ಕೂಡಿದರೆ 2. ಈ 2 ಅನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ, ತಾಳೆ ನೋಡುವಾಗ ಬೇಕಾಗುತ್ತದೆ.

7, 11, 13: ಮೂರಕ್ಕೂ ಒಂದೇ ಏಟು

ನನಗೆ ಬಹಳ ಇಷ್ಟದ ಉಪಾಯ ಇದು. 7 × 11 × 13 = 1001. ಅಂದರೆ 1001ರ ಯಾವ ಗುಣಕವಾದರೂ ಈ ಮೂರಕ್ಕೂ ತುಂಬಿದ ಚೀಲವೇ.

ನಮ್ಮ ಸಂಖ್ಯೆ 554 ಸಾವಿರ ಮತ್ತು 519. ಸಾವಿರ ಅಂದರೆ 1001ಕ್ಕೆ ಒಂದು ಕಡಿಮೆ. ಹಾಗಾಗಿ 554 ಸಾವಿರ ಅಂದರೆ 554 × 1001ರಿಂದ 554 ಕಳೆದದ್ದು. 554 × 1001 ಪೂರ್ತಿ ತುಂಬಿದ ಚೀಲ, ಅದನ್ನು ಎಸೆಯಿರಿ. ಉಳಿಯುವುದು 519 − 554 = −35.

ಆರು ಅಂಕೆಯ ಸಂಖ್ಯೆ 35ಕ್ಕೆ ಇಳಿಯಿತು. ಮೈನಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 35 ಅನ್ನು 7 ಭಾಗಿಸುತ್ತದೆ. 11 ಭಾಗಿಸುವುದಿಲ್ಲ, 13 ಭಾಗಿಸುವುದಿಲ್ಲ. ಹಾಗಾದರೆ ನಮ್ಮ ಸಂಖ್ಯೆಯೂ 7ರಿಂದ ಹೋಗುತ್ತದೆ, 11 ಮತ್ತು 13ರಿಂದ ಹೋಗುವುದಿಲ್ಲ. ಈಗ ಧೈರ್ಯವಾಗಿ ಭಾಗಿಸಿ:

5,54,519 ÷ 7 = 79,217

ಇನ್ನು ಒಡೆಯಬೇಕಾದದ್ದು 79,217 ಮಾತ್ರ. ಅದರ ವರ್ಗಮೂಲ 281ರ ಸ್ವಲ್ಪ ಮೇಲೆ. 281ರವರೆಗಿನ ಅವಿಭಾಜ್ಯ ಸಂಖ್ಯೆಗಳು 60. 132 ಇದ್ದದ್ದು ಒಂದೇ ಏಟಿಗೆ 60 ಆಯಿತು.

37: ಕಳೆಯುವ ಬದಲು ಕೂಡಿ

999 = 27 × 37. ಈ ಸಲ ಸಾವಿರ ಅಂದರೆ 999ಕ್ಕೆ ಒಂದು ಜಾಸ್ತಿ. ಹಾಗಾಗಿ ಕಳೆಯುವ ಬದಲು ಕೂಡಬೇಕು: 554 + 519 = 1073. ಇದನ್ನೂ ಒಡೆಯಿರಿ: 1 + 073 = 74. ಎಪ್ಪತ್ತನಾಲ್ಕು ಅಂದರೆ 37ರ ಎರಡರಷ್ಟು!

ಆ ಸಂಜೆ ತಪ್ಪು ತಿದ್ದಿಕೊಂಡ ಮೇಲೆ ಇದು ಸಿಕ್ಕಿದಾಗ ಮಕ್ಕಳು ಕೂಗಿದ್ದು ಇನ್ನೂ ನೆನಪಿದೆ. 17, 19, 23, 29, 31 ಎಲ್ಲವನ್ನೂ ದಾಟಿ ನೇರವಾಗಿ 37ಕ್ಕೆ ಬಂದುಬಿಟ್ಟೆವು. ಕ್ರಮವಾಗಿಯೇ ಹೋಗಬೇಕು ಅಂತ ಯಾವ ನಿಯಮವೂ ಇಲ್ಲ. ಕೈಗೆ ಸುಲಭವಾಗಿ ಸಿಗುವುದನ್ನು ಮೊದಲು ಪರೀಕ್ಷಿಸಿ, ಕಷ್ಟದ್ದನ್ನು ಆಮೇಲೆ ನೋಡಿ.

79,217 ÷ 37 = 2,141

ಇಲ್ಲೊಂದು ಚೆಂದದ ವಿಷಯ ಇದೆ. 999 × 1001 = 9,99,999. ಎರಡು ಉಪಾಯದಲ್ಲೂ ಸಿಕ್ಕ ಅಪವರ್ತನಗಳನ್ನು ಗುಣಿಸಿದರೆ 7 × 37 = 259. ಈ 259 ಕೂಡ 9,99,999ರ ಅಪವರ್ತನ: 259 × 3,861 = 9,99,999. ಇದೇ ಕಾರಣಕ್ಕೆ 1 ಅನ್ನು 259ರಿಂದ ಭಾಗಿಸಿದರೆ ದಶಮಾಂಶದಲ್ಲಿ 0.003861003861 ಅಂತ ಆರು ಅಂಕೆಗಳು ಸುತ್ತುತ್ತಲೇ ಇರುತ್ತವೆ. ಸುಮ್ನೆ ಒಮ್ಮೆ ಭಾಗಾಕಾರ ಮಾಡಿ ನೋಡಿ.

2,141 ಇನ್ನೂ ಒಡೆಯುತ್ತದೆಯೇ?

ಇದರ ವರ್ಗಮೂಲ 46ರ ಸ್ವಲ್ಪ ಮೇಲೆ. 46ರ ಒಳಗಿನ ಅವಿಭಾಜ್ಯ ಸಂಖ್ಯೆಗಳು 14. ಅದರಲ್ಲಿ 2, 3, 5, 11, 13 ಆಗಲೇ ಹೋದವು. ದೊಡ್ಡ ಸಂಖ್ಯೆಯನ್ನು ಭಾಗಿಸದ್ದು ಅದರ ತುಂಡನ್ನೂ ಭಾಗಿಸುವುದಿಲ್ಲ. ಆದರೆ 7 ಮತ್ತು 37 ಅನ್ನು ಮತ್ತೆ ನೋಡಲೇಬೇಕು. ಒಂದು ಅಪವರ್ತನ ಎರಡು ಸಲ ಬರಬಹುದು. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

ಉಳಿದ ಒಂಬತ್ತಕ್ಕೆ 2,141ರ ಶೇಷಗಳು ಹೀಗಿವೆ:

7ಕ್ಕೆ 6, 17ಕ್ಕೆ 16, 19ಕ್ಕೆ 13, 23ಕ್ಕೆ 2, 29ಕ್ಕೆ 24, 31ಕ್ಕೆ 2, 37ಕ್ಕೆ 32, 41ಕ್ಕೆ 9, 43ಕ್ಕೆ 34.

ಎಲ್ಲೂ ಶೂನ್ಯ ಇಲ್ಲ. 2,141 ಅವಿಭಾಜ್ಯ. ಹಾಗಾದರೆ:

5,54,519 = 7 × 37 × 2,141

ಅಂಕಗಣಿತದ ಮೂಲಪ್ರಮೇಯದ ಪ್ರಕಾರ ಇದನ್ನು ಅವಿಭಾಜ್ಯಗಳಾಗಿ ಒಡೆಯಲು ಇದೊಂದೇ ರೀತಿ. ಬೇರೆ ಯಾರು ಯಾವ ದಾರಿಯಲ್ಲಿ ಹೋದರೂ ಈ ಮೂರೇ ಸಿಗುತ್ತವೆ.

ತಾಳೆ ನೋಡುವುದು

ಹಾಳೆಯ ಮೂಲೆಯಲ್ಲಿ 2 ಬರೆದಿಟ್ಟಿದ್ದೆವಲ್ಲ. ಈಗ ಮೂರು ಅಪವರ್ತನಗಳ ಅಂಕೆಗಳನ್ನೂ ಒಂದೇ ಅಂಕೆ ಉಳಿಯುವವರೆಗೆ ಕೂಡಿ. 7 ಹಾಗೇ 7. 37 ಅಂದರೆ 10, ಅಂದರೆ 1. 2,141 ಅಂದರೆ 8. ಗುಣಿಸಿ: 7 × 1 × 8 = 56. ಕೂಡಿದರೆ 11, ಮತ್ತೆ ಕೂಡಿದರೆ 2. ತಾಳೆಯಾಯಿತು.

ಆದರೆ ಈ ಪರೀಕ್ಷೆಗೆ ಒಂದು ದೌರ್ಬಲ್ಯ ಇದೆ. ಅಂಕೆಗಳು ಅದಲು ಬದಲಾದರೂ ಮೊತ್ತ ಅದೇ ಇರುತ್ತದೆ. ನನ್ನ 5,54,591 ತಪ್ಪನ್ನು ಇದು ಹಿಡಿಯುತ್ತಿರಲಿಲ್ಲ. ಅದಕ್ಕೆ 11ರ ಪರೀಕ್ಷೆಯನ್ನೂ ಮಾಡಿ. ಬಲದಿಂದ ಶುರು ಮಾಡಿ ಒಂದು ಕೂಡಿ ಒಂದು ಕಳೆಯಿರಿ: 9 − 1 + 5 − 4 + 5 − 5 = 9. ಅಪವರ್ತನಗಳನ್ನು 11ರಿಂದ ಭಾಗಿಸಿದರೆ ಶೇಷ 7, 4, 7. ಗುಣಲಬ್ಧ 196. ಅದರಿಂದ 187, ಅಂದರೆ 11ರ 17 ಚೀಲ, ತೆಗೆದರೆ 9. ಇದೂ ಸರಿಹೋಯಿತು. ತಪ್ಪಾದ 5,54,591ಕ್ಕೆ ಇದೇ ಲೆಕ್ಕ ಮಾಡಿದರೆ 1 − 9 + 5 − 4 + 5 − 5 = −7 ಬರುತ್ತದೆ. ಅಂದರೆ ಶೇಷ 4. ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ಭಾಜಕಗಳು

ಮೂರು ಬೇರೆ ಬೇರೆ ಅವಿಭಾಜ್ಯಗಳು. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. 2 × 2 × 2 = 8 ಭಾಜಕಗಳು:

1, 7, 37, 259, 2,141, 14,987, 79,217, 5,54,519

ಇದನ್ನು ಜನರ ಲೆಕ್ಕದಲ್ಲಿ ಓದಿ ನೋಡಿ. ಅವತ್ತು ಎಣಿಸಿದ ಅಷ್ಟೂ ಜನರನ್ನು 37 ಸೀಟಿನ ಬಸ್ಸುಗಳಲ್ಲಿ ಕೂರಿಸಿದರೆ 14,987 ಬಸ್ಸು ಸರಿಯಾಗಿ ತುಂಬುತ್ತವೆ. ಒಬ್ಬರೂ ನಿಲ್ಲಬೇಕಾಗಿಲ್ಲ, ಒಂದು ಸೀಟೂ ಖಾಲಿ ಇಲ್ಲ. ಆದರೆ 10 ಜನರ ಸಾಲು ಮಾಡಿದರೆ ಕೊನೆಗೆ 9 ಜನ ಉಳಿಯುತ್ತಾರೆ.

ಎಂಟೂ ಭಾಜಕಗಳ ಮೊತ್ತ ಬೇಕಾದರೆ ಒಂದೊಂದಾಗಿ ಕೂಡಬೇಕಿಲ್ಲ. ಪ್ರತಿ ಅವಿಭಾಜ್ಯಕ್ಕೂ 1 ಸೇರಿಸಿ ಗುಣಿಸಿ: 8 × 38 × 2,142 = 6,51,168. ಇದರಿಂದ ಮೂಲ ಸಂಖ್ಯೆಯನ್ನು ಕಳೆದರೆ 96,649. ಸಂಖ್ಯೆಗಿಂತ ಇದು ಬಹಳ ಕಡಿಮೆ, ಹಾಗಾಗಿ ಇದು ಕೊರತೆಯ ಸಂಖ್ಯೆ. 1 ಸೇರಿಸುವ ಬದಲು 1 ಕಳೆದು ಗುಣಿಸಿದರೆ 6 × 36 × 2,140 = 4,62,240. 1ರಿಂದ 5,54,519ರವರೆಗೆ, ಇದರ ಜೊತೆ 1 ಬಿಟ್ಟರೆ ಬೇರೆ ಯಾವ ಅಪವರ್ತನವನ್ನೂ ಹಂಚಿಕೊಳ್ಳದ ಸಂಖ್ಯೆಗಳು ಅಷ್ಟಿವೆ.

ನಾಲ್ಕು ಚೌಕ ಬೇಕೇ ಬೇಕು

ಈಗ ನನಗೆ ಈ ಸಂಖ್ಯೆಯಲ್ಲಿ ಅತಿ ಸುಂದರ ಅನ್ನಿಸಿದ ಗುಣಕ್ಕೆ ಬರೋಣ. ನಿಮ್ಮ ಬಳಿ 5,54,519 ಕಾಫಿ ಸಸಿ ಇವೆ ಅಂದುಕೊಳ್ಳಿ. ಅವನ್ನು ಚೌಕಾಕಾರದ ಪಾತಿಗಳಲ್ಲಿ ನೆಡಬೇಕು. ಸಾಲು ಎಷ್ಟೋ, ಸಾಲಿಗೆ ಸಸಿಯೂ ಅಷ್ಟೇ. ಒಂದು ಸಸಿಯೂ ಉಳಿಯಬಾರದು. ಕನಿಷ್ಠ ಎಷ್ಟು ಪಾತಿ ಬೇಕು?

ಇಲ್ಲೂ ಶೇಷವೇ ದಾರಿ ತೋರಿಸುತ್ತದೆ. ಈ ಸಲ 8ರ ಚೀಲ. ಸಾವಿರ 8ರಿಂದ ಹೋಗುವುದರಿಂದ ಕೊನೆಯ ಮೂರು ಅಂಕೆ ನೋಡಿದರೆ ಸಾಕು. 519 = 64 × 8 + 7. ಶೇಷ 7.

ಚೌಕಗಳು, ಅಂದರೆ ವರ್ಗ ಸಂಖ್ಯೆಗಳು, 8ರ ಚೀಲದಲ್ಲಿ ಎಷ್ಟು ಉಳಿಸುತ್ತವೆ? ಬೆಸ ಸಂಖ್ಯೆಯ ವರ್ಗ ಯಾವಾಗಲೂ 1 ಉಳಿಸುತ್ತದೆ: 9, 25, 49, ಯಾವುದನ್ನಾದರೂ ನೋಡಿ. 4ರಿಂದ ಹೋಗುವ ಸಂಖ್ಯೆಯ ವರ್ಗ 0 ಉಳಿಸುತ್ತದೆ. 2, 6, 10ರಂತೆ 2ರಿಂದ ಹೋಗಿ 4ರಿಂದ ಹೋಗದ ಸಂಖ್ಯೆಯ ವರ್ಗ 4 ಉಳಿಸುತ್ತದೆ. ಅಷ್ಟೇ. 0, 1, 4 ಬಿಟ್ಟು ಬೇರೆ ಶೇಷವೇ ಇಲ್ಲ.

ಈಗ 0, 1, 4ರಲ್ಲಿ ಮೂರನ್ನು ಕೂಡಿ 7 ಮಾಡಲು ಪ್ರಯತ್ನಿಸಿ. 1+1+4 = 6. 0+1+4 = 5. 1+4+4 = 9, ಅಂದರೆ ಶೇಷ 1. ಎಷ್ಟು ತಿರುವಿದರೂ 7 ಬರುವುದಿಲ್ಲ. ಒಂದು ಪಾತಿ ಸಾಲದು, ಎರಡು ಸಾಲದು, ಮೂರೂ ಸಾಲದು. ಐದೂವರೆ ಲಕ್ಷ ಸಸಿಗಳ ಬಗ್ಗೆ ಇಷ್ಟು ಖಚಿತವಾದ ಮಾತನ್ನು ಒಂದು ಸಸಿಯನ್ನೂ ಮುಟ್ಟದೆ ಹೇಳಿಬಿಟ್ಟೆವು!

ನಾಲ್ಕು ಪಾತಿ ಸಾಕೇ? ಸಾಕು. ಯಾವ ಪೂರ್ಣ ಸಂಖ್ಯೆಯನ್ನಾದರೂ ಹೆಚ್ಚೆಂದರೆ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಬಹುದು ಅಂತ ಗಣಿತಜ್ಞ ಲಗ್ರಾಂಜ್ 1770ರಲ್ಲಿ ಸಾಧಿಸಿದರು. ಯಾವ ಸಂಖ್ಯೆಗಳಿಗೆ ಮೂರು ಸಾಲುವುದಿಲ್ಲ ಅನ್ನುವುದನ್ನು ಇನ್ನೊಬ್ಬ ಗಣಿತಜ್ಞ ಲಜಾಂಡ್ರ್ 1798ರಲ್ಲಿ ಪೂರ್ತಿಯಾಗಿ ಹೇಳಿದರು. 8ರ ಚೀಲದಲ್ಲಿ 7 ಉಳಿಸುವ ಸಂಖ್ಯೆಗಳೂ, ಅವನ್ನು 4ರಿಂದ ಮತ್ತೆ ಮತ್ತೆ ಗುಣಿಸಿ ಬರುವವೂ ಆ ಗುಂಪಿಗೆ ಸೇರುತ್ತವೆ.

ಆ ನಾಲ್ಕನ್ನು ಹುಡುಕುವಾಗಲೂ ಶೇಷವೇ ನೆರವಿಗೆ ಬರುತ್ತದೆ. ನಾಲ್ಕು ಶೇಷ ಕೂಡಿ 7 ಆಗಲು 1+1+1+4 ಒಂದೇ ದಾರಿ. ಅಂದರೆ ಮೂರು ಪಾತಿಯ ಬದಿ ಬೆಸ, ಒಂದರ ಬದಿ 2, 6, 10, 14 ಈ ಜಾತಿಯದು. ದೊಡ್ಡ ಪಾತಿ 744 ಇರಬಹುದೇ? ಅದು 4ರಿಂದ ಹೋಗುತ್ತದೆ, ಹಾಗಾಗಿ ಆಗದು. 743 ಬೆಸ, ಆಗಬಹುದು. 743ರ ವರ್ಗ 5,52,049. ಉಳಿದದ್ದು 2,470.

2,470ಕ್ಕೆ ಇನ್ನು ಎರಡು ಬೆಸ ವರ್ಗ ಮತ್ತು ಒಂದು 4, 36, 100ರಂಥ ವರ್ಗ ಬೇಕು. 49ರ ವರ್ಗ 2,401 ತೆಗೆದರೆ 69. ಅದರಿಂದ 4 ತೆಗೆದರೆ 65, 36 ತೆಗೆದರೆ 33. ಎರಡೂ ವರ್ಗವಲ್ಲ, ಬಿಡಿ. 47ರ ವರ್ಗ 2,209 ತೆಗೆದರೆ 261. 4 ತೆಗೆದರೆ 257, ಆಗಲಿಲ್ಲ. 36 ತೆಗೆದರೆ 225. ಅದು 15ರ ವರ್ಗ!

5,54,519 = 743² + 47² + 15² + 6²

ದೊಡ್ಡ ತೋಟ ಒಂದು, ಸಾಧಾರಣ ಪಾತಿ ಒಂದು, ಮನೆ ಹಿಂದೆ ಹಾಕುವಂಥ ಸಣ್ಣ ಪಾತಿ ಎರಡು. ನಾಲ್ಕಾಗಿ ಒಡೆಯಲು ಬೇರೆ ರೀತಿಗಳೂ ಇವೆ. 742ರಿಂದ ಶುರು ಮಾಡಿ ನೀವೇ ಒಂದನ್ನು ಹುಡುಕಬಹುದು.

ಜನ ಮತ್ತು ನೆಲ

ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಜನಸಂಖ್ಯೆಗೂ ಇದಕ್ಕೂ ಸಾಮಾನ್ಯ ಅಪವರ್ತನ ಇದೆಯೇ? ಹತ್ತನೇ ತರಗತಿಯಲ್ಲಿ ಕಲಿತ ಯೂಕ್ಲಿಡ್‌ನ ವಿಧಾನ ನೆನಪಿಸಿಕೊಳ್ಳಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಆಮೇಲೆ ಚಿಕ್ಕದನ್ನು ಶೇಷದಿಂದ ಭಾಗಿಸುತ್ತಾ ಹೋಗಿ.

5,54,519 = 4,102 × 135 + 749
4,102 = 749 × 5 + 357
749 = 357 × 2 + 35
357 = 35 × 10 + 7
35 = 7 × 5 + 0

ಕೊನೆಯ ಶೂನ್ಯವಲ್ಲದ ಶೇಷ 7. ಅದೇ ಮ.ಸಾ.ಅ., ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಮೊದಲ ಸಾಲಿನ 135 ಗಮನಿಸಿ. ಕೊಡಗಿನ ಜನಸಾಂದ್ರತೆ ಅಂತ ಜನಗಣತಿ ಕೊಡುವ ಸಂಖ್ಯೆ ಅದೇ: ಚದರ ಕಿಲೋಮೀಟರಿಗೆ 135 ಜನ.

ನೀವೇ ಮಾಡಿ ನೋಡಿ

ಮೊದಲು ಸುಲಭದ್ದು: ತಡಿಯಂಡಮೋಳ್ ಬೆಟ್ಟದ ಎತ್ತರ, 1,748 ಮೀಟರ್. ಎರಡು ಸಲ 2 ತೆಗೆದರೆ 437. ಅದರ ಮುಂದಿನದು ನಿಮಗೆ. ಆಮೇಲೆ 1,019. 2011ರಲ್ಲಿ ಕೊಡಗಿನಲ್ಲಿ ಸಾವಿರ ಗಂಡಸರಿಗೆ ಇದ್ದ ಹೆಂಗಸರ ಸಂಖ್ಯೆ. 31ರವರೆಗೆ ಶೇಷ ನೋಡಿದರೆ ಅದು ಅವಿಭಾಜ್ಯವೋ ಅಲ್ಲವೋ ಗೊತ್ತಾಗುತ್ತದೆ.

ಕೊನೆಗೆ ದೊಡ್ಡದೊಂದು. ಅಂತಿಮ ಲೆಕ್ಕ ಬರುವ ಮುಂಚೆ 2011ರ ತಾತ್ಕಾಲಿಕ ಲೆಕ್ಕದಲ್ಲಿ ಕೊಡಗಿನ ಜನಸಂಖ್ಯೆ 5,54,762 ಅಂತ ಇತ್ತು. ವ್ಯತ್ಯಾಸ ಬರೀ 243. ಆದರೆ ಒಳಗಿನ ರಚನೆ ಪೂರ್ತಿ ಬೇರೆ. 762 − 554 = 208. ಅದನ್ನು 7 ಭಾಗಿಸುವುದಿಲ್ಲ, ಆದರೆ 13 ಭಾಗಿಸುತ್ತದೆ. 2 ಮತ್ತು 13 ತೆಗೆದ ಮೇಲೆ ಕೈಯಲ್ಲಿ 21,337 ಇರುತ್ತದೆ. ಅಲ್ಲಿಂದ ಮುಂದೆ 17, 19, 23 ಅಂತ ಒಂದೊಂದೇ ಶೇಷ ನೋಡಿ. ಬಹಳ ದೂರ ಹೋಗಬೇಕಾಗಿಲ್ಲ. ಕೊನೆಗೆ ನಿಮ್ಮ ಹಾಳೆಯಲ್ಲಿ 1,123 ಉಳಿದು, ಅದು ಎಲ್ಲೂ ಒಡೆಯದಿದ್ದರೆ ಲೆಕ್ಕ ಸರಿಯಾಗಿದೆ.